ಕೀಲಿ ಕೊಟ್ಟ ಹಲ್ಲಿ

ನಮ್ಮ ಅವ್ವ ಶಿವಗಂಗವ್ವನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬಲು ಸಾಕ್ಷಿಯೂ ಬಲವಾಗಿಯೇ ಇತ್ತು. ಅವಳ ಹಾಸಿಗೆಗೂ ನನ್ನ ತಬಲಾಕ್ಕೂ ನಡುವೆ ಇರುವುದು ಒಂದೇ ಗೋಡೆ. ಆದರೂ ಆಕೆ ಒಂದು ದಿನವೂ ‘ಸಾಕು ಮಾಡು’ ಎಂದವಳಲ್ಲ. ಓಣಿಯವರು ಅಂದಿದ್ದಾರೆ, ಹೆಂಡತಿ ಅನುಸೂಯಾ ಅಂದಿದ್ದಾಳೆ, ಹಿತ್ತಲಿನ ಎಮ್ಮೆ ಕೂಡ ತನ್ನ ಭಾಷೆಯಲ್ಲಿ ಅಂದಿದೆ. ಅವ್ವ ಮಾತ್ರ ಅಂದಿಲ್ಲ. ಇದು ಕಿವುಡಲ್ಲದೆ ಮತ್ತೇನು? (ರಸಿಕತೆ ಇರಬಹುದೇ ಎಂದೂ ಒಮ್ಮೆ ಯೋಚಿಸಿದ್ದೆ. ಮನುಷ್ಯನಿಗೆ ಆಸೆ ಇರುತ್ತದಲ್ಲ.)

ನಾನು ಜುಗೂಳದ ಭಜನಾ ಮಂಡಳಿಯ ತಬಲಾ ವಾದಕ. ‘ವಾದಕ’ ಎನ್ನುವುದು ನಾನು ಬಳಸುವ ಶಬ್ದ. ಹಾರ್ಮೋನಿಯಂ ನುಡಿಸುವ ರಾವಸಾಹೇಬ ಬಳಸುವ ಶಬ್ದವನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ಕೈಗೆ ಸಿಕ್ಕ ಲಯ ಒಂದೆಡೆ ನಿಲ್ಲದೆ ಓಡುತ್ತದೆ ಎಂಬುದು ಅವನ ತಕರಾರು. ಕಳೆದ ಅಮಾವಾಸ್ಯೆಯ ಭಜನೆಯಲ್ಲಂತೂ ಹಾಡು ಅರ್ಧಕ್ಕೇ ನಿಲ್ಲಿಸಿ, ಎಲ್ಲರೆದುರು ಕೈಮುಗಿದ.

“ಜರಾ ಥಾಂಬ್, ನಿಂದರೋ ಈಶ್ವರಣ್ಣಾ! ಹಿಂದ ನಾಯಿ ಬಿದ್ದಾವೇನ್ ನಿನಗ? ನಾವು ಇನ್ನ ನಡಬರಕ ಅದೀವಿ, ನೀ ಆಗಲೇ ಪ್ರಸಾದ ತಿಂದ ಕೈ ತೊಳಕೊಳ್ಳಾಕತ್ತಿ!”

ಇಂಥ ಮಾತು ಕೇಳಿಕೊಂಡು ಕಲಾವಿದನಾದವನು ಸುಮ್ಮನಿರಲಾರ. ಮೀರಜಿಗೆ ಹೋದೆ. ವಾದ್ಯಗಳ ಅಂಗಡಿಯಲ್ಲಿ ಒಂದು ಹಳೆಯ ಮೆಟ್ರೊನೋಮ್ ಸಿಕ್ಕಿತು. ಗುಡಿಯ ಗೋಪುರದ ಆಕಾರದ ಮರದ ಡಬ್ಬಿ. ಮುಂದೆ ಒಂದು ಕಬ್ಬಿಣದ ಕಡ್ಡಿ. ಕೀಲಿ ಕೊಟ್ಟು ಕಡ್ಡಿಯನ್ನು ಕೊಂಡಿಯಿಂದ ಬಿಡಿಸಿದರೆ ಅದು ಅತ್ತಿಂದಿತ್ತ ತೂಗುತ್ತ ಟಿಕ್ ಟಿಕ್ ಎಂದು ಲಯ ಕೊಡುತ್ತದೆ. ಇದು ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ ಎಂದು ಪಾಪ, ಅಂಗಡಿಯವನೇ ಹೇಳಿದ. ನಾನು ಅವನನ್ನು ಕನಿಕರದಿಂದ ನೋಡಿ ಡಬ್ಬಿಯನ್ನೇ ಕಟ್ಟಿಸಿಕೊಂಡು ಬಂದೆ.

“ಏನ್ರಿ ಇದು?” ಎಂದಳು ಅನುಸೂಯಾ.

“ಲಯ.”

“ಡಬ್ಬಿಯಾಗ ಸಿಗತೈತೇನ್ರಿ? ಹಂಗಾರ ಇನ್ನೊಂದ ತರಬೇಕಿತ್ತು, ಕಾಲಿಗೆ ಕಟ್ಟಕೊಳ್ಳಾಕ. ಸುಮ್ಮ ನಡೀವಾಗೂ ಹೊಸ್ತಿಲಾ ಎಡವತೀರಿ.”

ಅವಳಿಗೆ ತಮಾಷೆ ಮಾಡುವ ಮನಸ್ಸಿದ್ದದ್ದು ಅದೇ ಕೊನೆ. ದೀಪಾವಳಿ ಆದಾಗಿನಿಂದ ಅವ್ವ ಹಾಸಿಗೆ ಹಿಡಿದಿದ್ದಳು. ಅನುಸೂಯಾ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ ಒಯ್ಯುತ್ತಿದ್ದಳು. ಒಯ್ದದ್ದರಲ್ಲಿ ಅರ್ಧ ತಿರುಗಿ ಬರುತ್ತಿತ್ತು. ಒಳಗೆ ಹೋಯಿತಲ್ಲ, ಆ ಉಳಿದರ್ಧವೇ ನಮ್ಮ ಮನೆಯ ಧೈರ್ಯ. “ಇವತ್ತ ನಾಕ ತುತ್ತ ತಿಂದಾರ್ರಿ” ಎಂದು ಅವಳು ಬಂದು ಹೇಳಿದರೆ ನನಗೂ ಊಟ ಸೇರುತ್ತಿತ್ತು.

ನಾನು ಡಬ್ಬಿಗೆ ಮೊದಲ ಕೀಲಿ ಕೊಟ್ಟ ಬೆಳಿಗ್ಗೆ, ಗೋಡೆಯಾಚೆ ಅನುಸೂಯಾ ತಾಟು ಹಿಡಿದು ಕೂತಿದ್ದಳು. ಅವ್ವ ಮುಖ ತಿರುಗಿಸಿ, “ಬ್ಯಾಡ ತಂಗಿ. ಈ ಸಲದ ಸಂಕ್ರಮಣ ನಾ ಕಾಣೂದಿಲ್ಲ” ಎಂದಳಂತೆ. ಆ ಮಾತು ಮುಗಿಯುವುದಕ್ಕೂ ಈಚೆ ನನ್ನ ಡಬ್ಬಿ ಟಿಕ್ ಟಿಕ್ ಟಿಕ್ ಎನ್ನುವುದಕ್ಕೂ ಸರಿಹೋಯಿತು. ಆಡಿದ ಮಾತಿನ ಹಿಂದೆಯೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅವ್ವ ಮಂಚದ ಪಟ್ಟಿಗೆ ಬೆರಳು ಬಡಿದು, “ಕೇಳಿದ್ಯಾ? ಹಲ್ಲಿ ಖರೆ ಅಂತು” ಎಂದು ತಾಟು ಸರಿಸಿಬಿಟ್ಟಳು.

ಅನುಸೂಯಾ ಹೊರಗೆ ಬಂದು ನಡೆದದ್ದನ್ನು ಹೇಳಿದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು ಇದು: “ಹಂಗಾರ ಅವ್ವಗ ಕಿವಿ ಕೇಳತಾವು!”

ಅನುಸೂಯಾ ನನ್ನನ್ನೂ ಡಬ್ಬಿಯನ್ನೂ ಒಂದೇ ನೋಟದಲ್ಲಿ ನೋಡಿದಳು. ಯಾವುದನ್ನು ಮೊದಲು ಹೊರಗೆಸೆಯಬೇಕು ಎಂದು ಲೆಕ್ಕ ಹಾಕುವಂತಿತ್ತು.

ಸಂಜೆಗೂ ಅವ್ವ ಊಟ ಮುಟ್ಟಲಿಲ್ಲ. ಮಾರನೆಯ ದಿನ ಬರೀ ನೀರು, ಅದೂ ಚಮಚದಲ್ಲಿ. ಅದು ಹಲ್ಲಿಯಲ್ಲ, ಯಂತ್ರ ಎಂದು ನಾನೇ ಹೋಗಿ ಹೇಳುತ್ತೇನೆ ಎಂದೆ.

“ಬ್ಯಾಡ್ರಿ. ಅತ್ತಿ ಹಲ್ಲಿ ಮಾತರ ನಂಬತಾರ, ನಿಮ್ಮ ಮಾತ ನಂಬೂದಿಲ್ಲ,” ಎಂದಳು ಅನುಸೂಯಾ. “ಅದ ಹಲ್ಲಿ ಕಡಿಂದನ ಚಲೋ ಮಾತ ಆಡಸೂನು. ನಾ ಒಳಗ ಹೋಗಿ ಒಂದ ಒಳ್ಳೆ ಮಾತ ಅಂತೀನಿ. ನಾ ಅಂದ ಮುಗಿಸಿದ ಮ್ಯಾಲ ನೀವು ಕಡ್ಡಿ ಬಿಡ್ರಿ. ಮುಗಿಸಿದ ಮ್ಯಾಲ! ಇದ ಭಜನಿ ಅಲ್ಲ ಮತ್ತ.”

“ಗೊತ್ತೈತಿ ಬಿಡ. ನನಗ ಕಲಸಾಕ ಬಂದ್ಲು.”

ಗೋಡೆಗೆ ಕಿವಿ ಹಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಜೀವಮಾನದಲ್ಲಿ ಇಷ್ಟು ಮಹತ್ವದ ಕಾರ್ಯಕ್ರಮ ನನಗೆ ಸಿಕ್ಕಿರಲಿಲ್ಲ. ಬೆರಳನ್ನು ಕೊಂಡಿಯ ಮೇಲಿಟ್ಟೆ. ಒಳಗೆ ಅನುಸೂಯಾ, ಓಣಿಗೆಲ್ಲ ಕೇಳುವಂತೆ ದನಿ ಎತ್ತಿದಳು:

“ಅತ್ತಿ, ನೀವು ಇಷ್ಟರಾಗ ನಮ್ಮನ್ನ ಬಿಟ್ಟ ಹೋಗತೀರಿ...”

ಅಲ್ಲಿ ಅವಳು ಉಸಿರು ತೆಗೆದುಕೊಂಡಳು. ಒಂದು ಕ್ಷಣ ನಿಂತಳು. ಮಾತು ಮುಗಿಯಿತೆಂದು ನಾನು ಕಡ್ಡಿ ಬಿಟ್ಟೆ.

ಟಿಕ್ ಟಿಕ್ ಟಿಕ್ ಟಿಕ್.

“...ಅನ್ನೂದು ಸುಳ್ಳ ಐತಿ! ನೂರ ವರ್ಷ ಬಾಳತೀರಿ!” ಎಂದು ಅವಳು ಕಿರುಚಿದ್ದು ಆಮೇಲೆ ಕೇಳಿಸಿತು. ಕಡ್ಡಿಯನ್ನು ಹಿಡಿದು ನಿಲ್ಲಿಸಲು ಹೋದೆ. ಕೊಂಡಿ ಕಿತ್ತು ಕೈಗೆ ಬಂತು. ಡಬ್ಬಿ ನನ್ನ ತೊಡೆಯ ಮೇಲೆ ಮಗುಚಿಬಿದ್ದು, ಬಿದ್ದಲ್ಲಿಂದಲೇ ತನ್ನ ಭವಿಷ್ಯವಾಣಿ ಮುಂದುವರಿಸಿತು.

ಗೋಡೆಯಾಚೆ ಯಾರೋ ನಕ್ಕರು. ಅವ್ವ! ಆ ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ಹಿಡಿದು, ಕಡೆಗೆ ಸೋತ ದನಿಯೊಂದು ಹೊರಬಂತು.

“ಈಶ್ವರಾ, ಆ ಹಲ್ಲೀನ ಹಿಡಕೊಂಡ ಒಳಗ ಬಾರಲೇ.”

ಹೋದೆ. ಡಬ್ಬಿಯನ್ನು ಹಾಸಿಗೆಯ ಹತ್ತಿರ ಹಿಡಿದೆ. ತೂಗುವ ಕಡ್ಡಿಯನ್ನು ಅವ್ವ ಸ್ವಲ್ಪ ಹೊತ್ತು ನೋಡಿದಳು.

“ಹಲ್ಲಿ ಯಾವಾಗರೆ ಹಿಂಗ ಒಂದ ಸವನ ಲೊಚಗುಟ್ಟತೈತೇನಲೇ? ಜೀವ ಇದ್ದದ್ದು ನಡನಡಕ ನಿಲ್ಲತೈತಿ. ಮೊದಲನೇ ದಿನಾನ ಗೊತ್ತಾತು ನನಗ, ಇದ ನಿಂದ ಏನೋ ಉಪದ್ವ್ಯಾಪ ಅಂತ.”

“ಗೊತ್ತಾಗಿಯೂ ಊಟಾ ಯಾಕ ಬಿಟ್ರಿ ಅತ್ತಿ?” ಎಂದಳು ಅನುಸೂಯಾ. ಅವಳ ದನಿಯಲ್ಲಿ ಸಿಟ್ಟಿತ್ತು; ಸಿಟ್ಟು ಮಾತ್ರ ಇರಲಿಲ್ಲ.

ಅವ್ವ ಅವಳ ಕೈ ಹುಡುಕಿ ಹಿಡಿದುಕೊಂಡಳು. “ನಿನ್ನ ರೊಟ್ಟಿ ಚಲೋನ ಅದಾವ ತಂಗಿ. ಗಂಟಲಾಗ ಇಳಿಯೂದಿಲ್ಲ. ದೀಪಾವಳಿ ಮುಂಚಿಂದ ಹಿಂಗ ಐತಿ. ಇಳಿಯೂದಿಲ್ಲ ಅಂದ್ರ ನೀವು ನನ್ನ ಮೀರಜಕ್ಕ ಒಯ್ದು, ನಮ್ಮ ಅಕ್ಕಗ ಮಾಡಿದಂಗ ಮೂಗಿನ್ಯಾಗ ನಳಿಗಿ ಹಾಕಸ್ತೀರಿ. ಅಕಿ ಆ ನಳಿಗಿ ಕಿತ್ತಕೊಳ್ಳಬಾರದಂತ ಅಕಿ ಕೈ ಕಟ್ಟಿದ್ರು. ಹಲ್ಲಿ ಅಂದೈತಿ ಅಂದ್ರ, ಯಾವ ಡಾಕ್ಟರಾ ಏನ ಮಾಡ್ಯಾನು ಅಂತ ನೀವು ಸುಮ್ಮ ಬಿಡತೀರಿ ಅನಕೊಂಡೆ.”

ಅನುಸೂಯಾ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಅವಳ ಬೆರಳುಗಳಿಗೆ ಬೆಳಗಿನ ಹಿಟ್ಟು ಒಣಗಿ ಅಂಟಿತ್ತು. ಅವ್ವ ಅದನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಎಲ್ಲ ವಿಷಯಕ್ಕೂ ಒಂದು ಅಭಿಪ್ರಾಯ ಸಿದ್ಧವಿಟ್ಟುಕೊಂಡಿರುವ ನಾನು, ನಿಲ್ಲಿಸಲಾಗದ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದೆ. ಮಗನಾದವನು ಇಂಥ ಹೊತ್ತಿನಲ್ಲಿ ಏನಾದರೂ ಹೇಳಬೇಕು ಎಂದು ಅನಿಸಿತು. ಹೊಳೆದದ್ದನ್ನೇ ಕೇಳಿದೆ.

“ಯವ್ವಾ, ಮತ್ತ ಹಸಿವಿ ಆಗೂದಿಲ್ಲೇನ ನಿನಗ?”

ಅವ್ವ ನನ್ನ ಕಡೆ ತಿರುಗಿದಳು.

“ಆಗದ ಏನಲೇ? ಇನ್ನ ಸತ್ತಿಲ್ಲ ನಾ.”