ಪರದೆಗೆ ಮೊದಲ ಮರ್ಯಾದೆ

ಯಾವುದನ್ನೇ ಆಗಲಿ ಶುರು ಮಾಡುವುದರಲ್ಲಿ ನಾನು ಮಹಾ ಅವಸರದವನು. ಚಹಾ ಸೋಸಲು ಹೊರಟ ಮೇಲೆ ಲೋಟ ಹುಡುಕುತ್ತೇನೆ. ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ, ಟ್ಯಾಂಕಿನಲ್ಲಿ ನೀರಿದೆಯೇ ಎಂದು ಬಚ್ಚಲಿನಿಂದಲೇ ಕೂಗಿ ಕೇಳುತ್ತೇನೆ. "ಪುಣ್ಯಕ್ಕೆ ಮದುವಿಗಿಂತ ಮುಂಚೆ ಹುಡುಗಿ ನೋಡಿದ್ರಿ" ಎನ್ನುತ್ತಾಳೆ ನನ್ನ ಹೆಂಡತಿ ಶೈಲಜಾ. ಇಂಥವನು ಹರಿಹರದ ಕಾರ್ಖಾನೆಯ ಕೆಲಸ ಬಿಟ್ಟು, ಯಂತ್ರಗಳನ್ನು ಸರಿಯಾದ ಕ್ರಮದಲ್ಲಿ ಎಬ್ಬಿಸುವ ಬೋರ್ಡು ತಯಾರಿಸಲು ಕೂತನೆಂದರೆ ನೀವು ನಗಬಹುದು. ನಾನಂತೂ ಎಷ್ಟೋ ಸಲ ನಕ್ಕಿದ್ದೇನೆ.

ನನ್ನ ಮೊದಲ ಗಿರಾಕಿ ಗೌರಮ್ಮ. ದಾವಣಗೆರೆಯ ಆವರಗೆರೆ ಕಡೆ ಅವರದೊಂದು ಮಂಡಕ್ಕಿ ಭಟ್ಟಿ. ಅಕ್ಕಿ ಹುರಿಯುವ ಉರುಳೆಯ ಶಾಖ, ವೇಗ ಎರಡನ್ನೂ ನನ್ನ ಬೋರ್ಡು ನೋಡಿಕೊಳ್ಳಬೇಕು. ಅವರು ಹಾಕಿದ್ದು ಒಂದೇ ಷರತ್ತು: "ನಮ್ಮಲ್ಲಿ ಏನೇ ತಿರುಗಲಿ, ಅದಕ್ಕಿಂತ ಮೊದ್ಲು ಈಶ್ವರನ ಮುಖ ಕಾಣ್ಬೇಕ್ರಿ. ಹಳೇ ಯಂತ್ರದ ಮ್ಯಾಲೆ ಫೋಟೋ ಐತೆ. ನಿಮ್ದರಾಗೆ ಹೆಂಗೆ ಮಾಡ್ತೀರೋ ನೋಡ್ರಿ." ಅದೇನು ಮಹಾ, ಬೋರ್ಡಿನ ಪುಟ್ಟ ಪರದೆಯಲ್ಲೇ ಈಶ್ವರನನ್ನು ತೋರಿಸುತ್ತೇನೆ ಎಂದು ಎದೆ ತಟ್ಟಿಕೊಂಡು ಬಂದೆ.

ಬೋರ್ಡಿಗೆ ಕರೆಂಟ್ ಬಂದ ಕೂಡಲೇ ಕರ್ನಲ್ ಎಂಬ ತಂತ್ರಾಂಶ ಎದ್ದು, ಮನೆಯ ಹಿರಿಯರ ಹಾಗೆ ಒಬ್ಬೊಬ್ಬರನ್ನೇ ಎಬ್ಬಿಸುತ್ತದೆ: ಗಡಿಯಾರ, ಸುದ್ದಿ ಸಾಗಿಸುವ ತಂತಿ, ಕರೆಂಟ್ ಹಂಚುವ ಚಿಪ್ಪು, ಶಾಖಮಾಪಕ, ಮೋಟರು, ಪರದೆ. ಯಾರಿಗಾದರೂ ಇನ್ನೂ ತಯಾರಿ ಆಗಿಲ್ಲವೆಂದರೆ ಒಂದು ಒಳ್ಳೆಯ ಸಂಪ್ರದಾಯವಿದೆ. "ಆಮೇಲೆ ಕರೀರಿ" ಎಂದು ಹೇಳಿ ಅವರು ಸಾಲಿನ ಹಿಂದಕ್ಕೆ ಹೋಗಬೇಕು. ಮುಂದೆ ಬೇರೆ ಯಾರಾದರೂ ಎದ್ದು ನಿಂತ ಕೂಡಲೇ ಕರ್ನಲ್ ಇವರನ್ನು ಮತ್ತೆ ಕೂಗುತ್ತದೆ. ಆದರೆ ನಾನು ಭಕ್ತಿಯ ಭರದಲ್ಲಿದ್ದೆ. ಪರದೆಯನ್ನು ಪಟ್ಟಿಯ ಮೇಲ್ತುದಿಗೇ ಏರಿಸಿದೆ. ದೇವರಿರುವ ಪರದೆ ಸಾಲಿನ ಹಿಂದಕ್ಕೆ ಹೋಗುವುದೇ? ಛೆ ಛೆ. "ಆಮೇಲೆ ಕರೀರಿ" ಎಂಬ ಸಾಲನ್ನೇ ಅಳಿಸಿ, "ಕರೆಂಟ್ ಬರುವ ತನಕ ಇಲ್ಲೇ ನಿಲ್ಲು" ಎಂದು ಬರೆದೆ. ಮನೆಯ ಮೇಜಿನ ಮೇಲೆ ಪರದೆಗೆ ಬೇರೆಯದೇ ಅಡಾಪ್ಟರ್ ಚುಚ್ಚಿದ್ದೆನಾದ್ದರಿಂದ ಈಶ್ವರ ಕ್ಷಣದಲ್ಲಿ ಪ್ರತ್ಯಕ್ಷನಾದ. ನಾನು ಶೈಲಜಾಳನ್ನು ಕರೆದು ತೋರಿಸಿ ಸುಮ್ಮನೆ ಬೀಗಿದೆ.

ಸೋಮವಾರ ಬೆಳಿಗ್ಗೆ ಭಟ್ಟಿಯಲ್ಲಿ ಪೂಜೆ. ಪೂಜೆ ಮಾಡುವ ಐನೋರು ಬಂದಿದ್ದರು, ಗೌರಮ್ಮನ ಬೀಗರು ಬಂದಿದ್ದರು, ಅಕ್ಕಪಕ್ಕದ ಭಟ್ಟಿಯವರೆಲ್ಲ ಬಂದಿದ್ದರು. "ಏಳೂವರೆಗೆ ರಾಹುಕಾಲ. ಅಷ್ಟ್ರೊಳಗ ತಿರುಗಿದ್ರೆ ಇಟ್ಕಂತೀನಿ, ಇಲ್ಲಾಂದ್ರೆ ನಿಮ್ ಡಬ್ಬಿ ನೀವೇ ತಗಂಡು ಹೋಗ್ರಿ" ಎಂದರು ಗೌರಮ್ಮ ನಗುತ್ತಲೇ. ನನಗೆ ನಗು ಬರಲಿಲ್ಲ. ಇದು ತಿರುಗಿದರೆ ನಾನು ಬೋರ್ಡು ಮಾಡುವವನು, ತಿರುಗದಿದ್ದರೆ ಬರೀ ಕೆಲಸ ಬಿಟ್ಟವನು.

ಸ್ವಿಚ್ ಒತ್ತಿದೆ. ಪರದೆ ಕಪ್ಪಗೇ ಉಳಿಯಿತು. ಆರಿಸಿ ಹಾಕಿದೆ, ಮತ್ತೂ ಕಪ್ಪು. ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಒಂದೇ ಒಂದು ಸಾಲು: "ಪರದೆ: ಕರೆಂಟಿಗಾಗಿ ಕಾಯುತ್ತಿದೆ." ಇಲ್ಲಿ ಬೇರೆ ಅಡಾಪ್ಟರ್ ಇರಲಿಲ್ಲ. ಪರದೆಗೆ ಕರೆಂಟ್ ಕೊಡಬೇಕಾದ ಚಿಪ್ಪು ಅದರ ಹಿಂದೆಯೇ ಸಾಲಿನಲ್ಲಿ ನಿಂತಿತ್ತು! ಪರದೆ ಸರಿದ ಹೊರತು ಚಿಪ್ಪು ಏಳದು, ಚಿಪ್ಪು ಎದ್ದ ಹೊರತು ಪರದೆ ಸರಿಯದು. ಆದರೆ ಇದೆಲ್ಲ ಹೊಳೆದದ್ದು ಆಮೇಲೆ. ಆ ಹೊತ್ತಿಗೆ ನನಗೆ ಬೆವರು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

"ಏನು ತೊಂದ್ರೆ?" ಎಂದರು ಐನೋರು.

"ಎಲ್ಲಾರಿಗಿಂತ ಮೊದ್ಲು ದೇವ್ರು ಬರ್ಲಿ ಅಂತ ಮಾಡಿದ್ದೆ, ಬರ್ತಿಲ್ರಿ" ಎಂದೆ.

ಅವರು ನನ್ನನ್ನೇ ಕನಿಕರದಿಂದ ನೋಡಿದರು. "ನಾನು ಬಂದ ಕೂಡ್ಲೆ ಪೂಜಿ ಶುರು ಮಾಡಿದ್ನೇನಪಾ? ಮೊದ್ಲು ನೆಲ ಒರೆಸಿಸ್ದೆ, ನೀರು ತರಿಸ್ದೆ, ದೀಪಕ್ಕೆ ಎಣ್ಣಿ ಐತಾ ನೋಡ್ದೆ. ದೇವ್ರನ್ನ ಅವಸರ ಮಾಡ್ಬ್ಯಾಡ. ತಯಾರಿ ಆಗ್ಲಿ, ಆಮ್ಯಾಲೆ ಕರಿ."

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಲ್ಯಾಪ್‌ಟಾಪನ್ನು ಮಂಡಕ್ಕಿ ಚೀಲದ ಮೇಲಿಟ್ಟುಕೊಂಡು, ಅಳಿಸಿದ್ದ ಸಾಲನ್ನು ಮತ್ತೆ ಬರೆದೆ. ಏಳೂ ಇಪ್ಪತ್ತಾರಕ್ಕೆ ಸ್ವಿಚ್. ಪರದೆ ವಿನಯದಿಂದ "ಆಮೇಲೆ ಕರೀರಿ" ಎಂದು ಹಿಂದೆ ಸರಿಯಿತು. ಗಡಿಯಾರ ಎದ್ದಿತು, ತಂತಿ ಎದ್ದಿತು. ಚಿಪ್ಪು ಎದ್ದದ್ದೇ ತಡ, ಪರದೆಯ ಮೇಲೆ ಈಶ್ವರ! ಗೌರಮ್ಮ ಕೈ ಮುಗಿದರು. ಉರುಳೆ ಗರಗರ ತಿರುಗಿತು, ಅಕ್ಕಿ ಚಟಪಟ ಅರಳಿತು. ಬಿಸಿ ಮಂಡಕ್ಕಿಯನ್ನು ಮೊದಲು ಬಾಯಿಗೆ ಹಾಕಿಕೊಂಡವನು ನಾನೇ. ಕುಣಿಯುವುದೊಂದನ್ನು ಹೇಗೋ ತಡೆದುಕೊಂಡೆ.

ಮರುವಾರ ಪಕ್ಕದ ಭಟ್ಟಿಯ ಯಜಮಾನರ ಫೋನು. "ನಮಗೂ ಅಂಥದ್ದೇ ಒಂದು ಬೋರ್ಡು ಬೇಕ್ರಿ" ಎಂದರು. ನಾನು ಉಬ್ಬಿಹೋದೆ. ಯಾವತ್ತು ಬರಲಿ ಎಂದು ಕೇಳಿದೆ.

"ನೀವು ಬರ್ದಿದ್ರೂ ನಡೀತೈತಿ" ಎಂದರು ಅವರು. "ಅವತ್ತು ರಿಪೇರಿ ಮಾಡಿದ್ರಲ್ಲ, ಆ ಐನೋರನ್ನ ಕಳಿಸ್ರಿ ಸಾಕು."

ಐನೋರ ಚೀಲ ಹಿಡಿದುಕೊಳ್ಳಲು ಒಬ್ಬರು ಬೇಕಾಗುತ್ತಾರೆ, ನಾನೂ ಜೊತೆಗೆ ಬರುತ್ತೇನೆ ಎಂದು ಹೇಳಿ ಒಪ್ಪಿಸಿದ್ದೇನೆ.