ಹತ್ತರ ಬಿಸಿಲಿನಲ್ಲಿ ಹದಿನೇಳು ಶೀಶೆ

ನಮ್ಮ ಮಾಮಾ ಕುಡಿಯುವುದಿಲ್ಲ. ಯಾವ ಗುಡಿಯ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಎಪ್ಪತ್ತು ದಾಟಿದ ಮನುಷ್ಯ, ಇವತ್ತಿನವರೆಗೆ ಒಂದು ಗುಟುಕನ್ನೂ ಗಂಟಲಿನಿಂದ ಕೆಳಗೆ ಇಳಿಸಿದವರಲ್ಲ. ಆದರೆ ಬನಹಟ್ಟಿಯ ನಮ್ಮ ಮನೆಯ ಕಪಾಟಿನಲ್ಲಿ ಹನ್ನೊಂದು ತರದ ವಿಸ್ಕಿ, ಐದು ತರದ ಶೆರ್ರಿ ಸಾಲಾಗಿ ನಿಂತಿದ್ದವಲ್ಲ, ಅವು ಯಾರವು? ಮಾಮಾನವೇ! ಕುಡಿಯದವರಿಗೆ ಅವು ಯಾಕೆ ಎಂದು ಕೇಳುತ್ತೀರಾ? ಹೋಲಿಸಿ ನೋಡಲಿಕ್ಕೆ. ಬರೇ ಹೋಲಿಸಿ ನೋಡಲಿಕ್ಕೆ. ಆ ಹೋಲಿಕೆಯ ಭಯದಲ್ಲಿ ನನ್ನ ತಲೆಗೂದಲು ಹಣ್ಣಾಗಿ, ಈಗ ತಿಂಗಳಿಗೆ ಎರಡು ಸಲ ಬಣ್ಣ ಹಚ್ಚಿಕೊಳ್ಳುತ್ತಿದ್ದೇನೆ.

ಹೆದರುವುದು ನನಗೆ ಹೊಸದಲ್ಲ ಬಿಡಿ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಜಮಖಂಡಿಯ ತನಕ ಹೋದವನು ಅದೇ ಬಸ್ಸಿಗೆ ತಿರುಗಿ ಬಂದದ್ದುಂಟು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ ನಾನು. ಉತ್ತರ ಸರಿಯಾಗಿ ಬಂದರೆ ಇನ್ನೂ ಹೆಚ್ಚು ಹೆದರಿ, ಮತ್ತೊಮ್ಮೆ ಮಾಡಿ ನೋಡುತ್ತೇನೆ. ಆದರೆ ಈ ಶೀಶೆಗಳ ಹೆದರಿಕೆಗೆ ಗಟ್ಟಿಯಾದ ಕಾರಣವೇ ಇತ್ತು. ಆ ಕಾರಣ ನಮ್ಮ ಜೊತೆಗೇ ಇರುತ್ತಿತ್ತು. ನನ್ನ ಅವ್ವ.

ಮಾಮಾ ಅವ್ವನ ತಮ್ಮ, ನಮ್ಮ ಮನೆಯಲ್ಲೇ ಇರುವವರು. ಇವರಪ್ಪ, ಅಂದರೆ ನನ್ನ ಅಜ್ಜ, ಜಮಖಂಡಿಯಲ್ಲಿ ಯಾರೋ ದೊಡ್ಡ ಮನುಷ್ಯರ ಬಂಗಲೆಯಲ್ಲಿ ಆಳಾಗಿದ್ದನಂತೆ. ಅತಿಥಿಗಳು ಎದ್ದುಹೋದ ಮೇಲೆ ಗ್ಲಾಸುಗಳ ತಳದಲ್ಲಿ ಉಳಿದದ್ದನ್ನು ಚೆಲ್ಲಲು ಅವನಿಗೆ ಮನಸ್ಸು ಬರುತ್ತಿರಲಿಲ್ಲವಂತೆ. ಒಂದು ಮಳೆಗಾಲ ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಜಾರಿ ಬಿದ್ದವನು ಮೇಲೇಳಲಿಲ್ಲ. ಆಗ ಅವ್ವನಿಗೆ ಹನ್ನೆರಡು ವರ್ಷ, ಮಾಮಾನಿಗೆ ನಾಲ್ಕು. ನೇಕಾರರ ಮನೆಗಳಲ್ಲಿ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿ ತಮ್ಮನನ್ನು ಬೆಳೆಸಿದವಳು ಅವ್ವ. ಆವತ್ತಿನಿಂದ ಅವಳದು ಒಂದೇ ಕಾನೂನು.

"ಈ ಮನಿಯಾಗ ದಾರೂ ಬಂದ ದಿನ ನಾ ಸಾವಳಗಿಗೆ ಹೊಂಟೆ. ತಿರುಗಿ ಈ ಹೊಸ್ತಲಾ ತುಳಿಯಂಗಿಲ್ಲ."

ಸಾವಳಗಿಯಲ್ಲಿ ನನ್ನ ತಂಗಿಯ ಮನೆ. ಇದು ಬರೀ ಬಾಯಿಮಾತಿನ ಬೆದರಿಕೆ ಎಂದು ತಿಳಿಯಬೇಡಿ. ಎರಡು ಸೀರೆ, ಒಂದು ಚಾದರ, ಒಂದು ವಿಭೂತಿ ಗಟ್ಟಿ ತುಂಬಿದ ಹಸಿರು ಕೈಚೀಲ ನಡುಮನೆಯ ಗೂಟಕ್ಕೆ ಸದಾ ತಯಾರಾಗಿ ತೂಗುತ್ತಿರುತ್ತದೆ. ಯುಗಾದಿಗೊಮ್ಮೆ ಆ ಸೀರೆಗಳನ್ನು ತೆಗೆದು, ಒಗೆದು, ಮಡಿಸಿ ಮತ್ತೆ ತುಂಬುತ್ತಾಳೆ! ಅಂಥ ಚೀಲದ ಎದುರಿನ ಕಪಾಟಿನಲ್ಲೇ ಹದಿನಾರು ಶೀಶೆ!

ಹಾಗಿದ್ದರೆ ಅವ್ವನಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ದಿನಾ ಅವುಗಳ ಧೂಳು ಒರೆಸುತ್ತಿದ್ದವಳೇ ಅವಳು. ಮಾಮಾ ರಬಕವಿಯಲ್ಲಿ ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದವರು. ಹಂಡೆಯೊಳಗಿನ ಬಣ್ಣ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಮೂಗಿನಿಂದಲೇ ಹೇಳುತ್ತಿದ್ದರು. ಹೋದ ವರ್ಷದ ಕೆಂಪಿಗೂ ಈ ವರ್ಷದ ಕೆಂಪಿಗೂ ಕೂದಲೆಳೆಯಷ್ಟು ಫರಕು ಇದ್ದರೆ ನಮಗೆ ಕಾಣುವುದಿಲ್ಲ, ಅವರಿಗೆ ಊಟ ಸೇರುವುದಿಲ್ಲ. ಒಮ್ಮೆ ಮದುವೆಯ ಮಂಟಪದಲ್ಲಿ ಮದುಮಗಳ ಹತ್ತಿರ ಹೋಗಿ, "ತಂಗಿ, ನಿನ್ನ ಸೆರಗು ಒಂದ ಹಂಡೇದು, ಒಡಲು ಇನ್ನೊಂದ ಹಂಡೇದು" ಎಂದು ಹೇಳಿ ಬಂದ ಪುಣ್ಯಾತ್ಮರು! ಅವಳು ಅಳುತ್ತ ಕೂತಳು. ಇವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಈ ಶೀಶೆಗಳು ಬಣ್ಣದ ಮಾದರಿ ತುಂಬಿಡುವ ಗೇಣುದ್ದದ ಬೂಚಿನ ಶೀಶೆಗಳು. ಪುಣೆಯ ಸೀರೆ ವ್ಯಾಪಾರಿಯೊಬ್ಬರು, ಮಾಮಾನ ಹಳೆಯ ಗೆಳೆಯ, ತನ್ನಲ್ಲಿಗೆ ಬಂದ ಒಳ್ಳೊಳ್ಳೆಯ ಬಾಟಲಿಗಳಿಂದ ಸ್ವಲ್ಪ ಸ್ವಲ್ಪ ಇವುಗಳಿಗೆ ತುಂಬಿ ಕಳಿಸುತ್ತಿದ್ದರು. ಮೇಲೆ ಹೆಸರಿಲ್ಲ, ಗುರುತಿಲ್ಲ. ಮಾಮಾ ತಮ್ಮ ಕೈಯಿಂದ ಲಾಟ್ ನಂಬರ್ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದ್ದರು. ಅವ್ವನ ಕಣ್ಣಿಗೆ ಅವೆಲ್ಲ ಬಣ್ಣ.

"ನಾ ಏನ ಸುಳ್ಳ ಹೇಳೇನಿ ಅಳ್ಯಾ? ನೋಡು, ಕಂದು ಐತಿ, ಕೆಂಪ ಐತಿ, ಹಳದಿ ಐತಿ. ಬಣ್ಣ ಅಲ್ಲೇನಿದು?"

"ಅವ್ವಗ ಗೊತ್ತಾದ್ರ, ಮಾಮಾ?"

"ಗೊತ್ತಾಗಬಾರದಂತನ ನಿನ್ನ ಇಟಗೊಂಡೇನಿ."

ನೋಡಿದಿರಾ, ನನ್ನ ಉದ್ಯೋಗ!

ಪುಣೆಯಿಂದ ಬಂದ ಗಂಟನ್ನು ಜಮಖಂಡಿಯಲ್ಲಿ ಇಳಿಸಿಕೊಂಡು ಬನಹಟ್ಟಿಗೆ ತರುವುದು ನನ್ನ ಪಾಲಿನ ಕೆಲಸ. ಸೀರೆಯೊಳಗೆ ಎಷ್ಟು ಸುತ್ತಿದರೂ ಶೀಶೆಗೆ ಶೀಶೆ ತಗಲಿ ಟಿಣ್ ಎನ್ನುತ್ತದೆ. ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳ ತಂದೆತಾಯಿಗಳೇ ಅರ್ಧ ಜನ. ರಸ್ತೆಯ ಒಂದೊಂದು ಉಬ್ಬಿಗೂ ಚೀಲ ಟಿಣ್ ಎನ್ನುವುದು, ಅದು ಕೇಳಬಾರದೆಂದು ನಾನು ಜೋರಾಗಿ ಕೆಮ್ಮುವುದು. ಟಿಣ್! ಖೊಕ್! ಟಿಣ್ ಟಿಣ್! ಖೊಕ್ ಖೊಕ್! ಪಕ್ಕದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡು ಕೂತಿದ್ದ ಹಿರಿಯ ಕುರಿಗಾರನೊಬ್ಬ ಬಹಳ ಹೊತ್ತು ನನ್ನನ್ನೇ ನೋಡಿ, ಕಡೆಗೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ: "ಮಾಸ್ತರ್ರ, ಈ ಕೆಮ್ಮು ಗುಳಗಿಗೆ ಬಗ್ಗಂಗಿಲ್ರಿ. ಎಲ್ಲಿಯಾರ ಒಂದ ಮುಚ್ಚಳ ಬ್ರಾಂಡಿ ಸಿಗತೈತೇನ ನೋಡ್ರಿ!"

ಇನ್ನು ಹೋಲಿಸುವ ವೈಖರಿ. ಲೋಕದಲ್ಲಿ ಇಂಥದ್ದನ್ನೆಲ್ಲ ಜನ ಕತ್ತಲಾದ ಮೇಲೆ ಕದ ಹಾಕಿಕೊಂಡು ಮಾಡುತ್ತಾರೆ. ಮಾಮಾ? ಬೆಳಗಿನ ಹತ್ತಕ್ಕೆ, ಬಯಲು ಅಂಗಳದಲ್ಲಿ! ಯಾಕೆಂದರೆ ಬಣ್ಣದವರ ಪದ್ಧತಿಯೇ ಹಾಗೆ. ಟ್ಯೂಬ್‌ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದಂತೆ, ಸಂಜೆಯಲ್ಲಿ ಅರ್ಧ ಹೇಳುತ್ತದಂತೆ. ಹತ್ತರ ಬಿಸಿಲಿನಲ್ಲಿ ಬಿಳಿ ಬಟ್ಟೆಯ ಮುಂದೆ ಹಿಡಿದಾಗ ಮಾತ್ರ ಖರೆ ಹೇಳುತ್ತದಂತೆ. ಅದಕ್ಕೇ ಪ್ರತಿ ರವಿವಾರ ಹತ್ತಕ್ಕೆ ನಮ್ಮ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಮಣೆಯ ಮೇಲೆ ಐದಾರು ಪುಟ್ಟ ಗ್ಲಾಸು ಜೋಡಿಸುವುದು.

ರವಿವಾರವೇ ಯಾಕೆಂದರೆ, ಆ ಹೊತ್ತಿಗೆ ಅವ್ವ ಓಣಿಯ ತುದಿಯ ಗುಡಿಯಲ್ಲಿ ಹೆಂಗಸರ ಭಜನೆಗೆ ಹೋಗಿರುತ್ತಾಳೆ. ಭಜನೆಗೆ ಮೈಕು ಇದೆ. ಅಕ್ಕಪಕ್ಕದ ಮಗ್ಗಗಳ ಖಟಾಖಟದ ನಡುವೆಯೂ ಮೈಕು ಕೇಳುತ್ತದೆ. ಮೈಕು ಹಾಡುತ್ತಿರುವ ತನಕ ಅವ್ವ ಅಲ್ಲಿದ್ದಾಳೆ. ಮೈಕು ನಿಂತರೆ ಮೂರು ನಿಮಿಷದಲ್ಲಿ ಇಲ್ಲಿರುತ್ತಾಳೆ. ಒಂದು ಕಿವಿ ಮೈಕಿಗೆ ಕೊಟ್ಟು, ಒಂದು ಕಣ್ಣು ಬಾಗಿಲಿಗೆ ಇಟ್ಟು, ಮಾಮಾ ಹೇಳಿದ್ದನ್ನು ವಹಿಯಲ್ಲಿ ಬರೆಯುವುದು ನನ್ನ ರವಿವಾರದ ವಿಶ್ರಾಂತಿ!

ಮಾಮಾ ಗ್ಲಾಸನ್ನು ಬಿಸಿಲಿಗೆ ಹಿಡಿಯುತ್ತಾರೆ. ಬಿಳಿ ನೂಲಿನ ಎಳೆಯೊಂದನ್ನು ಅದ್ದಿ ತೆಗೆಯುತ್ತಾರೆ. ಮೂಸುತ್ತಾರೆ. ಒಂದು ಹನಿ ನಾಲಿಗೆಯ ಮೇಲೆ ಹೊರಳಾಡಿಸಿ ಬೋಗುಣಿಗೆ ಉಗುಳುತ್ತಾರೆ. ಆಮೇಲೆ ಅಪ್ಪಣೆ ಹೊರಡುತ್ತದೆ.

"ಲಾಟ್ ನಾಕು, ವಿಸ್ಕಿ. ಮಳ್ಯಾಗ ತೊಯ್ದ ಕಂಬಳಿ. ಬೆಂಕಿ ಮುಂದ ಒಣಗಿಸ್ಯಾರ. ಇದಲ್ಲ."

ಬರೆದೆ.

"ಲಾಟ್ ಎಂಟು, ಶೆರ್ರಿ. ನೂಲಿಗೆ ಹಾಕೋ ಗಂಜಿ, ಎರಡ ದಿನ ಇಟ್ಟು ಹುಳಿ ಬಂದದ್ದು. ಇದಲ್ಲ."

ಬರೆದೆ. ಶೆರ್ರಿ ಎಂದರೆ ಸ್ಪೇನ್ ದೇಶದ ದ್ರಾಕ್ಷಿಯ ಮದ್ಯವಂತೆ. ಅದನ್ನು ಮಾಡಿದವರು ಈ ಮಾತು ಕೇಳಿದ್ದರೆ ಅಂಗಡಿ ಮುಚ್ಚುತ್ತಿದ್ದರು!

"ಲಾಟ್ ಹತ್ತು. ಮುಧೋಳದ ಗಾಣದ ಕಾಕಂಬಿ. ಇದಲ್ಲ. ಲಾಟ್ ಒಂಬತ್ತು, ಥೂ! ಕಚ್ಚಾ ಬಣ್ಣ. ಸುಟ್ಟ ಸಕ್ಕರಿ ಬೆರಸಿ ವಯಸ್ಸಾದಂಗ ತೋರಸ್ಯಾರ."

"ಹೋಗಲಿ ಬಿಡ್ರಿ ಮಾಮಾ. ಮನಷ್ಯಾರೂ ಬಣ್ಣ ಹಚ್ಚಿ ವಯಸ್ಸ ಮುಚಗೋತಾರ."

ಮಾಮಾ ಗ್ಲಾಸು ಕೆಳಗಿಟ್ಟು ನನ್ನ ತಲೆಯನ್ನು ಬಿಸಿಲಿನಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ನಿಂದೂ ಕಚ್ಚಾನ ಐತಿ."

ಪ್ರತಿಯೊಂದರ ಕೊನೆಗೂ "ಇದಲ್ಲ". ವಹಿಯ ತುಂಬ ಇದಲ್ಲ, ಇದಲ್ಲ, ಇದಲ್ಲ. "ಯಾವದಲ್ಲ ಮಾಮಾ? ಏನ ಹುಡುಕಾಕತ್ತೀರಿ?" ಎಂದು ಕೇಳಿದರೆ, "ಬರಿ ಅಂದ್ರ ಬರಿ. ಮೈಕಿನ ಕಡೆ ಲಕ್ಷ್ಯ ಇಡು" ಎನ್ನುತ್ತಿದ್ದರು. ಪುಣೆಯಿಂದ ಎಷ್ಟು ಬಂದರೂ ಇವರಿಗೆ ರುಚಿ ಹತ್ತುತ್ತಿಲ್ಲ, ಹತ್ತುವ ತನಕ ಇವರು ಬಿಡುವುದಿಲ್ಲ, ಅಷ್ಟರೊಳಗೆ ಅವ್ವನ ಹಸಿರು ಚೀಲ ಗೂಟದಿಂದ ಇಳಿಯುತ್ತದೆ ಎಂದು ನಾನು ಬೆವರುತ್ತಿದ್ದೆ.

ಒಂದು ಸಲ ಇಳಿಯುವುದರಲ್ಲೇ ಇತ್ತು. ಪಕ್ಕದ ಮನೆಯ ವೈನಿ ತನ್ನ ಬಿಸ್ಕಿಟು ಬಣ್ಣದ ಸೀರೆ ಮಾಸಿದೆ ಎಂದು ಬಂದಾಗ, ಅವ್ವ ಧಾರಾಳವಾಗಿ ಕಪಾಟಿನಿಂದ ಲಾಟ್ ಆರನ್ನು ಎತ್ತಿ ಕೊಟ್ಟುಬಿಟ್ಟಳು! "ನನ್ನ ತಮ್ಮನ ಬಣ್ಣ. ಒಂದ ಬಕೀಟ ನೀರಾಗ ಬೆರಸಿ ಅದ್ದು." ನಾನು ಶಾಲೆಯಿಂದ ಬರುವಷ್ಟರಲ್ಲಿ ಸೀರೆ ಅದ್ದಿ, ಒಣಗಿ, ಉಟ್ಟೂ ಆಗಿತ್ತು. ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಮೂರನೆಯ ದಿನ ವೈನಿ ಬಂದು ಬಾಗಿಲಲ್ಲಿ ನಿಂತಾಗ ಮಾಮಾ ಕೂಡ ಎದ್ದು ನಿಂತರು.

"ಬಣ್ಣ ಏನ ಹತ್ತಲಿಲ್ರಿ ಯಕ್ಕಾ," ಎಂದು ಆಕೆ ಅವ್ವನಿಗೆ ಹೇಳಿದಳು. "ಆದ್ರ ಆ ಸೀರಿ ಉಟ್ಟಾಗಿಂದ ನಮ್ಮನಿಯವ್ರು ಸಂಜಿಗೆ ಹೊರಗ ಹೋಗವಲ್ರು. ಸೆರಗ ಬಿಟ್ಟ ಏಳವಲ್ರು! ಇನ್ನೊಂದ ಶೀಶೆ ಇದ್ರ ಕೊಡ್ರಿ."

ಇನ್ನು ಆ ರವಿವಾರದ ಸಂಗತಿ. ಹಿಂದಿನ ದಿನವಷ್ಟೇ ನಾನು ಕೆಮ್ಮಿ ಕೆಮ್ಮಿ ಹದಿನೇಳನೆಯ ಶೀಶೆ ತಂದಿದ್ದೆ. ಕಂದು ಬಣ್ಣದ ಹಳೆಯ ಶೆರ್ರಿ. ಮಾಮಾ ಅದನ್ನು ಬಿಸಿಲಿಗೆ ಹಿಡಿದರು. ಎಳೆ ಅದ್ದಿದರು. ಮೂಸಿದರು. ನಾನು ಪೆನ್ನು ಹಿಡಿದು ಕಾದೆ. ಮಾಮಾ ಮತ್ತೆ ಮೂಸಿದರು. ನಾಲಿಗೆಗೆ ಹಚ್ಚಲಿಲ್ಲ.

"ಏನ ಬರೀಲಿ ಮಾಮಾ? ಒಣದ್ರಾಕ್ಷಿ? ಅಕ್ರೋಡ?"

ಮಾಮಾ ಗ್ಲಾಸು ಕೆಳಗಿಡಲಿಲ್ಲ. "ಇದಲ್ಲ" ಎನ್ನಲೂ ಇಲ್ಲ.

ಆಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು. ಮೈಕೂ ನಿಂತಿತು. ಕರೆಂಟಿಲ್ಲದ್ದಕ್ಕೆ ನಿಂತಿತೋ, ಭಜನೆಯೇ ಮುಗಿಯಿತೋ? ನಾನು ಲೆಕ್ಕದ ಮಾಸ್ತರ ನೋಡಿ, ಇದನ್ನು ಎರಡೆರಡು ಸಲ ವಿಚಾರ ಮಾಡುತ್ತ ಕೂತೆ. ಆ ಮೂರು ನಿಮಿಷ ಅದರಲ್ಲೇ ಕಳೆದವು. ತಲೆ ಎತ್ತಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಏನ ನಡದೈತಿ ಇದು?"

"ಬಣ್ಣ ಅವ್ವಾ! ಲಾಟ್ ಹದಿನೇಳು! ಕಂದು!" ಎಂದು ನಾನು ಚೀರಿದೆ. ಬೋಗುಣಿಯಿಂದ ಘಮ್ಮೆಂದು ವಾಸನೆ ಬರುತ್ತಿತ್ತು.

ಮಾಮಾ ತಲೆ ಎತ್ತಲಿಲ್ಲ. "ದಾರೂ ಅಕ್ಕ," ಎಂದರು. "ಎಲ್ಲಾ ಶೀಶೆನೂ ದಾರೂನ."

ಅವ್ವ ಸೀದಾ ಒಳಗೆ ಹೋದಳು. ಗೂಟದಿಂದ ಚೀಲ ಇಳಿಯುವ ಸಪ್ಪಳವನ್ನು ಹತ್ತು ವರ್ಷದಿಂದ ಕನಸಿನಲ್ಲಿ ಕೇಳುತ್ತಿದ್ದೆ. ಖರೆಯ ಸಪ್ಪಳ ಅದಕ್ಕಿಂತ ಸಣ್ಣದಿತ್ತು. ಚೀಲ ಹಿಡಿದು ಹೊರಗೆ ಬಂದು ಅವಳು ಚಪ್ಪಲಿ ಮೆಟ್ಟಿದಳು. ನಾನು ಎದ್ದು ಅಡ್ಡ ನಿಲ್ಲಬೇಕಿತ್ತು, ವಹಿ ಹಿಡಿದುಕೊಂಡು ಕೂತೇ ಇದ್ದೆ.

ಮಾಮಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

"ಹೋಗುವಂತಿ ಅಕ್ಕ. ನಾ ತಡಿಯಂಗಿಲ್ಲ. ಇದನ್ನ ಒಂದ ಸಲ ಮೂಸಿ ನೋಡಿ ಹೋಗು."

"ತಮ್ಮಾ, ನಿನಗ ತಲಿ ಕೆಟ್ಟೈತೇನ?"

"ಅಪ್ಪನ ಮಾರಿ ನನಗ ನೆನಪಿಲ್ಲ ಅಕ್ಕ. ಧ್ವನಿ ನೆನಪಿಲ್ಲ. ಹೆಗಲ ಮ್ಯಾಲ ಕುಂದರಿಸಿಕೊಂಡ್ರ ಅವನ ರುಮಾಲದಿಂದ ಒಂದ ವಾಸನಿ ಬರತಿತ್ತು. ಅದೊಂದ ನೆನಪೈತಿ. ಇಷ್ಟ ದಿನ ಅದನ್ನ ಹುಡುಕೀನಿ. ಇದ ಅಂತ ಅನಸಾಕತ್ತೈತಿ. ಆದ್ರ ನಾ ಸಣ್ಣಾವ ಇದ್ದೆ, ನನಗ ಖಾತ್ರಿ ಇಲ್ಲ. ನಿನಗ ಗೊತ್ತಿರತೈತಿ."

ಅವ್ವ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಮೂಗು ಸಿಂಡರಿಸಿಕೊಂಡೇ ಗ್ಲಾಸನ್ನು ಇಸಿದುಕೊಂಡಳು. ಮೂಗಿನ ಹತ್ತಿರ ತಂದಳು. ಈಗ ಎಸೆಯುತ್ತಾಳೆ, ಈಗ ಎಸೆಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಒಡೆಯಲಿಲ್ಲ. ಕಣ್ಣು ತೆರೆದಾಗ ಅವ್ವ ಚಪ್ಪಲಿ ಕಾಲಲ್ಲೇ ಕಟ್ಟೆಯ ಮೇಲೆ ಕೂತಿದ್ದಳು. ಹಸಿರು ಚೀಲ ತೊಡೆಯ ಮೇಲಿತ್ತು, ಗ್ಲಾಸು ಇನ್ನೂ ಮೂಗಿನ ಹತ್ತಿರವೇ ಇತ್ತು.

"ತಂಬಾಕ ಒಂದ ಕಡಿಮಿ ಐತಿ," ಎಂದಳು.

ಮಾಮಾ ಮಣೆಯಿಂದ ಜರುಗಿ ಅವಳ ಕಾಲ ಹತ್ತಿರ ನೆಲಕ್ಕೆ ಕೂತರು. ಎಪ್ಪತ್ತು ದಾಟಿದ ಮನುಷ್ಯ, ನಾಲ್ಕು ವರ್ಷದ ಹುಡುಗನ ಹಾಗೆ. ಅವ್ವ ಗ್ಲಾಸಿನ ಬಾಯಿಗೆ ಸೆರಗು ಮುಚ್ಚಿ ಹಿಡಿದಳು. ಆಮೇಲೆ ಮಣೆಯ ಮೇಲೆ ಬಾಯಿ ತೆರೆದು ನಿಂತಿದ್ದ ಶೀಶೆಯ ಕಡೆ ನೋಡಿ ನನ್ನನ್ನು ಗದರಿಸಿದಳು.

"ಏನ ನೋಡಕೋಂತ ಕುಂತಿಲೇ? ಬೂಚ ಬಿಗಿ ಹಾಕು. ಹಾರಿ ಹೋದೀತು."

ನಾನು ಬೂಚು ಹಾಕಿ ಬಿಗಿದೆ. ಸಮಾಧಾನವಾಗಲಿಲ್ಲ. ಇನ್ನೊಮ್ಮೆ ಬಿಗಿದೆ.