ಸಂದೇಶ ಬೇಡ ಅಂದ ಹೋಳಿಗೆ

ಕುಮಟಾದಲ್ಲಿ ಔಷಧಿ ಅಂಗಡಿ ಇಟ್ಟಿರುವ ಸಂದೇಶ ಒಂದು ಸೋಮವಾರ ಬೆಳಿಗ್ಗೆ ಘೋರ ಪ್ರತಿಜ್ಞೆ ಮಾಡಿದ.

"ಆಯಿ, ಇವತ್ತಿಂದ ಯಂಗೆ ಸಿಹಿ ಬೇಡ. ಚಾಕ್ಕೂ ಸಕ್ಕರೆ ಹಾಕಡ!"

"ತಡಿ, ಪಂಚಾಂಗದಲ್ಲಿ ಬರೆದಿಡ್ತೆ" ಎಂದು ಅವನ ತಾಯಿ ಲಕ್ಷ್ಮೀ ನಕ್ಕಳು.

ಅಂಗಡಿಯ ತೂಕದ ಯಂತ್ರ ತೊಂಬತ್ತೆರಡು ಕಿಲೋ ತೋರಿಸಿತ್ತು. ಇನ್ನು ಹನ್ನೆರಡು ದಿನಕ್ಕೆ ಕತಗಾಲಕ್ಕೆ ಹೆಣ್ಣು ನೋಡಲು ಹೋಗಬೇಕು. ಅವನಿಗೆ ಮೂವತ್ತನಾಲ್ಕು ವರ್ಷ. ಹಿಂದೆ ಏಳು ಕಡೆ ಮಾತು ಮುರಿದಿತ್ತು. ಇದೊಂದು ಮುರಿಯಬಾರದು!

ಆರು ದಿನ ಸಂದೇಶ ಗೆದ್ದ. ಏಳನೆಯ ದಿನ ಮಿರ್ಜಾನದಲ್ಲಿ ಉಪನಯನದ ಊಟ. ಹೋಳಿಗೆ ಬಡಿಸುತ್ತ ಮಹಾಬಲ ಮಾವ ಬಂದ. ಒಂದು ಬೇಡ ಅಂದವರಿಗೆ ಎರಡು, ಎರಡು ಬೇಡ ಅಂದವರಿಗೆ ನಾಲ್ಕು ಹಾಕುವುದರಲ್ಲಿ ಅವನದು ಮೂರು ತಾಲೂಕಿಗೆ ಹಬ್ಬಿದ ಕೀರ್ತಿ.

"ಬೇಡ ಮಾವ."

"ಒಂದೇ ಒಂದು!"

"ಅರ್ಧವೂ ಬೇಡ!"

ಸಂದೇಶ ಎರಡೂ ಕೈ ಹರಡಿ, ಎಲೆಯ ಮೇಲೆ ಕವುಚಿ ಬಿದ್ದು, ಕೋಟೆ ಕಾಯುವಂತೆ ಎಲೆ ಕಾದ. ಅಂಗಿಯೆಲ್ಲ ಸಾರು. ಪಂಕ್ತಿಗೆ ಪಂಕ್ತಿಯೇ ಅಗಿಯುವುದನ್ನು ನಿಲ್ಲಿಸಿತು. ಮಹಾಬಲ ಮಾವ ಬಗ್ಗಿ, ದನಿ ತಗ್ಗಿಸಿ, "ಪಾಪ, ಈ ವಯಸ್ಸಿಗೇ!" ಎಂದು ಉಪ್ಪಿನಕಾಯಿ ಬಡಿಸಿ ಹೋದ.

ಮರುದಿನ ಹೊನ್ನಾವರದ ದೊಡ್ಡಮ್ಮ ಫೋನು ಮಾಡಿದಳು. "ಲಕ್ಷ್ಮೀ, ಮಾಣಿಗೆ ಸಕ್ಕರೆ ಕಾಯಿಲೆ ಇದ್ದಡ? ಎಂತಕ್ಕೆ ಹೇಳಿದ್ದಿಲ್ಲೆ ಮಾರಾಯ್ತಿ?" ಸುದ್ದಿ ಭಟ್ಕಳ ಮುಟ್ಟುವಷ್ಟರಲ್ಲಿ ಸಂದೇಶ ದಿನಕ್ಕೆರಡು ಸೂಜಿ ಚುಚ್ಚಿಕೊಳ್ಳುತ್ತಿದ್ದ!

"ಕತಗಾಲದಲ್ಲಿ ಕೊಟ್ಟಿದ್ದೆಲ್ಲ ತಿನ್ನು. ಇಲ್ದಿದ್ರೆ ಇದೂ ಹೋತು" ಎಂದಳು ಆಯಿ.

ಕತಗಾಲದಲ್ಲಿ ಹುಡುಗಿ ಸ್ಮೃತಿಯ ಅಪ್ಪ ಅನುಕಂಪದಿಂದ ಚಾದ ಲೋಟ ಮುಂದಿಟ್ಟ. "ಸಕ್ಕರೆ ಹಾಕಿದ್ದಿಲ್ಲೆ, ಹೆದರಡ."

"ಸಕ್ಕರೆ ಡಬ್ಬಿ ತನ್ನಿ!" ಎಂದ ಸಂದೇಶ. ಎಲ್ಲರೂ ನೋಡುವಂತೆ ನಾಲ್ಕು ಚಮಚ ಸುರಿದು ಗಟಗಟ ಕುಡಿದ. ಆಯಿಯ ಪಾಲಿನ ಕೇಸರಿಬಾತೂ ಒಳಗೆ ಹೋಯಿತು. ಹೋಳಿಗೆ ಬಂತು, ಐದು. ಹುಡುಗಿಯ ಅಪ್ಪನ ಮುಖ ಅರಳಿತು. "ಗಟ್ಟಿ ಮಾಣಿ! ಇಬ್ಬರೂ ಜಗುಲಿ ಮೇಲೆ ಮಾತಾಡಿ."

ಜಗುಲಿಯಲ್ಲಿ ಸಂದೇಶ ಎದೆಯುಬ್ಬಿಸಿದ. "ಯಂಗೆ ಯಾವ ಕಾಯಿಲೆಯೂ ಇಲ್ಲೆ."

"ಗೊತ್ತಿದ್ದು" ಎಂದಳು ಸ್ಮೃತಿ. "ಮಿರ್ಜಾನದಲ್ಲಿ ಆನೂ ಊಟಕ್ಕೆ ಬಂದಿದ್ದೆ. ಕಾಯಿಲೆಯವ್ರು ಹೋಳಿಗೆನ ಅಷ್ಟು ಆಸೆಲಿ ನೋಡ್ತ್ವಿಲ್ಲೆ. ಆಸೆ ಇದ್ದೂ ಬೇಡ ಅಂದ್ರಲ, ಅದು ಭಾರೀ ಇಷ್ಟ ಆತು. ಅಪ್ಪಯ್ಯಂಗೆ ಅವತ್ತೇ ಹೂಂ ಹೇಳಿದ್ದೆ."

"ಹಂಗಾರೆ ಒಪ್ಪಿಗೆ ಇದ್ದಾ?"

"ಇತ್ತು" ಎಂದಳು ಸ್ಮೃತಿ. "ಎರಡನೇ ಚಮಚದವರೆಗೂ ಇತ್ತು."